ಚೆನ್ನುವಿಗೆ ಕೊಡದ ಮದ್ದು

"ಆ ಫ್ಲಾಸ್ಕಿನ ನೀರು ಸ್ವಲ್ಪ ಕೊಡಿ!"

"ಕೊಡ್ಲಿಕ್ಕೆ ಆಗುದಿಲ್ಲ!"

ಇಡೀ ಬಸ್ಸು ಅವಳತ್ತ ತಿರುಗಿತು.

1982ರ ಏಪ್ರಿಲ್. ಪುತ್ತೂರಿನಿಂದ ಸುಳ್ಯಕ್ಕೆ ಹೊರಟ ಮಧ್ಯಾಹ್ನದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕುಂಬ್ರ ದಾಟುವಾಗ ಮುದುಕಿಯೊಬ್ಬಳು ಸೆಕೆಗೆ ಕಣ್ಣು ಕತ್ತಲೆ ಬಂದು ಕುಸಿದುಬಿಟ್ಟಿದ್ದಳು. ಯಾರ ಕೈಯಲ್ಲೂ ನೀರಿಲ್ಲ. ಕಂಡದ್ದು ಒಂದೇ... ಕಿಟಕಿಯ ಪಕ್ಕ ಕೂತ ಹುಡುಗಿಯ ಮಡಿಲಲ್ಲಿದ್ದ ಕೆಂಪು ಫ್ಲಾಸ್ಕು.

"ಎಂತ ಹೆಂಗಸು ಮಾರಾಯ್ರೆ! ಒಂದು ಗುಟುಕು ನೀರು ಕೊಡ್ಲಿಕ್ಕೆ ಆಗುದಿಲ್ವಾ?" ಯಾರೋ ಕೂಗಿದರು.

ಲೋಲಾಕ್ಷಿ ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು. ಹೇಗೆ ಹೇಳಲಿ ಇವರಿಗೆ... ಇದರಲ್ಲಿರುವುದು ನೀರಲ್ಲ, ನನ್ನ ತಂಗಿಯ ಜೀವ ಅಂತ!

ಎದುರಿಗೆ ನಿಂತಿದ್ದ ಎತ್ತರದ ಯುವಕ ತಡೆಯಲಾರದೆ ಫ್ಲಾಸ್ಕನ್ನು ಕಸಿದುಕೊಂಡು ಮುಚ್ಚಳ ತೆಗೆದೇಬಿಟ್ಟ.

ಒಳಗೆ ಮಂಜುಗಡ್ಡೆಯ ಚೂರುಗಳು. ಅವುಗಳ ನಡುವೆ ಬಟ್ಟೆ ಸುತ್ತಿದ ಎರಡು ಪುಟ್ಟ ಬಾಟ್ಲಿಗಳು.

ಅವನು ಒಂದರ ಚೀಟಿ ಓದಿದ. ಅವನ ಮುಖವೇ ಬದಲಾಯಿತು.

"ಇನ್ಸುಲಿನ್..." ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. "ಯಾರಿಗೆ?"

"ತಂಗಿಗೆ. ಹನ್ನೆರಡು ವರ್ಷ."

ಅವನು ಮುಚ್ಚಳವನ್ನು ಭದ್ರವಾಗಿ ತಿರುಗಿಸಿ ಅವಳ ಮಡಿಲಲ್ಲಿಟ್ಟ. "ತಪ್ಪಾಯ್ತು. ನನ್ನಿಂದ ದೊಡ್ಡ ತಪ್ಪಾಯ್ತು."

ಲೋಲಾಕ್ಷಿ ಕಣ್ಣೊರೆಸಿಕೊಂಡು, ತಾನಾಗಿಯೇ ಮುಚ್ಚಳ ತೆಗೆದು ಒಂದು ಮಂಜುಗಡ್ಡೆಯ ಚೂರನ್ನು ಅವನ ಅಂಗೈಗಿಟ್ಟಳು. "ಅಜ್ಜಿಯ ಬಾಯಿಗೆ ಹಾಕಿ. ಒಂದು ಚೂರು ಹೋದ್ರೆ ತೊಂದರೆ ಇಲ್ಲ."

ಅವರಿಬ್ಬರ ಪರಿಚಯ ಹೀಗಾಯಿತು.

* * *

ಲೋಲಾಕ್ಷಿಗೆ ಆಗ ಇಪ್ಪತ್ಮೂರು. ಕಲ್ಲುಗುಂಡಿಯ ಹತ್ತಿರದ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್. ತಂದೆ ಇಲ್ಲ. ಮನೆಯಲ್ಲಿ ತಾಯಿ ತಿಮ್ಮಕ್ಕ, ತಂಗಿ ಚೆನ್ನು. ಚೆನ್ನುವಿಗೆ ಒಂಬತ್ತನೇ ವರ್ಷದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು ಸೂಜಿ. ಮದ್ದು ಮಂಗಳೂರಿನಿಂದಲೇ ಬರಬೇಕು. ಬಾಟ್ಲಿ ಇಡಲು ಮನೆಯಲ್ಲಿ ಫ್ರಿಜ್ಜಿಲ್ಲದೆ ಅವಳು ಆರೋಗ್ಯ ಕೇಂದ್ರದ ಲಸಿಕೆಯ ಫ್ರಿಜ್ಜಿನ ಮೂಲೆಯಲ್ಲಿಡುತ್ತಿದ್ದಳು.

ಅವನ ಹೆಸರು ಮಹಾಬಲ ರೈ. ಬೆಟ್ಟಂಪಾಡಿಯವನು. ಬೊಂಬಾಯಿಯ ಒಂದು ಲ್ಯಾಬಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ. ಅಕ್ಕ ಪಂಕಜಾಕ್ಷಿಯ ಮನೆ ಸುಳ್ಯದಲ್ಲಿದ್ದುದರಿಂದ ರಜೆಯಲ್ಲಿ ಅಲ್ಲಿಗೆ ಬರುತ್ತಿದ್ದ.

ಮೂರನೇ ದಿನಕ್ಕೆ ಅವನು ಅವರ ಮನೆಯ ಅಂಗಳದಲ್ಲಿದ್ದ, ಕೈಯಲ್ಲಿ ಎರಡು ಹೊಸ ಬಾಟ್ಲಿ ಇನ್ಸುಲಿನ್ ಹಿಡಿದುಕೊಂಡು.

"ಎಂತಕ್ಕೆ ತಂದದ್ದು ರೈಗಳೇ?" ಲೋಲಾಕ್ಷಿ ಸಂಕೋಚದಿಂದ ಕೇಳಿದಳು.

"ನಾನು ಮುಚ್ಚಳ ತೆಗೆದೆನಲ್ಲ... ಬಿಸಿ ಗಾಳಿ ತಾಗಿತೋ ಎಂತದೋ ಅಂತ ನಿದ್ದೆ ಬರ್ಲಿಲ್ಲ."

ಚೆನ್ನು ಕಂಬದ ಮರೆಯಿಂದ ಕಿಸಕ್ಕನೆ ನಕ್ಕಳು. ಅವಳ ತೊಡೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಗಂಟುಗಂಟಾಗಿ ಗಟ್ಟಿಯಾಗಿತ್ತು. ಅವಳು ಲಂಗವನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡು ಕೂರುವುದನ್ನು ಮಹಾಬಲ ನೋಡಿದ.

"ನೋಡು ಚೆನ್ನು, ನಮ್ಮ ಲ್ಯಾಬಿನಲ್ಲಿ ಒಂದು ಕೆಲಸ ಆಗ್ತಾ ಉಂಟು" ಎಂದ. "ಮೊಸರಿಗೆ ಹುಳಿ ಬರುವುದು ಒಂದು ಆಮ್ಲದಿಂದ. ಅದೇ ಆಮ್ಲವನ್ನು ಹೂ ಕಟ್ಟಿದ ಹಾಗೆ ಒಂದಕ್ಕೊಂದು ಕಟ್ಟಿದರೆ ಉದ್ದದ ಸರ ಆಗ್ತದೆ. ಪಾಲಿಮರ್ ಅಂತ ಹೇಳುದು. ಅದರೊಳಗೆ ಮದ್ದು ತುಂಬಿಸಿ ರವೆಯಷ್ಟು ಸಣ್ಣ ಕಾಳು ಮಾಡುದು. ಚರ್ಮದ ಅಡಿಗೆ ಹಾಕಿದರೆ ಮೈಯ ನೀರೇ ಆ ಸರವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸ್ತದೆ. ದಿನಾ ಸ್ವಲ್ಪ ಮದ್ದು ಹೊರಗೆ ಬರ್ತದೆ. ಕೊನೆಗೆ ಕಾಳೂ ಇಲ್ಲ, ಎಂತದೂ ಇಲ್ಲ. ಮೈಯಲ್ಲೇ ಕರಗಿಹೋಗ್ತದೆ."

"ಹಾಗಾದ್ರೆ ಸೂಜಿ?"

"ತಿಂಗಳಿಗೆ ಒಂದೇ."

"ಮಹಾಬಲಣ್ಣ... ನಿಜವಾ?!"

"ಇನ್ನೂ ಆಗಿಲ್ಲ. ಮೊಲಗಳಲ್ಲಿ ನೋಡ್ತಾ ಇದ್ದೇವೆ. ಒಂದೆರಡು ವರ್ಷ ಬೇಕು."

ಆ ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ಚೆನ್ನು ಆಗಲೇ ಅಡಿಗೆಮನೆಗೆ ಓಡಿದ್ದಳು. "ಅಮ್ಮಾ, ರವೆ ಮದ್ದು ಬರ್ತದಂತೆ!"

ಲೋಲಾಕ್ಷಿ ಅವನನ್ನೇ ನೋಡುತ್ತ ನಿಂತಳು. ಮೂರು ವರ್ಷಗಳಲ್ಲಿ ಆ ಮನೆಯಲ್ಲಿ ಚೆನ್ನು ಹೀಗೆ ಓಡಿದ್ದು ಅದೇ ಮೊದಲು...

* * *

ಆಮೇಲೆ ಕಾಗದಗಳು ಬಂದವು. ರಜೆ ಸಿಕ್ಕಿದಾಗಲೆಲ್ಲ ಅವನೂ ಬಂದ. ಮೂತ್ರದಲ್ಲಿ ಸಕ್ಕರೆ ಎಷ್ಟಿದೆಯೆಂದು ನೋಡುವ ನೀಲಿ ದ್ರವವನ್ನು ತಾನೇ ತಯಾರಿಸಿ ತಂದು ಚೆನ್ನುವಿಗೆ ಕಲಿಸಿಕೊಟ್ಟ. ಕುದಿಸಿದಾಗ ನೀಲಿಯೇ ಉಳಿದರೆ ಒಳ್ಳೆಯ ದಿನ. ಹಸಿರಾದರೆ ಪರವಾಗಿಲ್ಲ. ಇಟ್ಟಿಗೆಯ ಕೆಂಪಾದರೆ ಕೆಟ್ಟ ದಿನ. ಚೆನ್ನು ದೀಪದ ಮೇಲೆ ಗಾಜಿನ ನಳಿಗೆ ಹಿಡಿದು, "ಅಕ್ಕಾ, ಇವತ್ತು ಹಸಿರು!" ಎಂದು ಕೂಗುತ್ತಿದ್ದಳು.

ಒಮ್ಮೆ ಅವನನ್ನು ಬಸ್ಸಿಗೆ ಕಳಿಸಲು ಲೋಲಾಕ್ಷಿ ರಸ್ತೆಯವರೆಗೂ ಹೋಗಿದ್ದಳು.

"ಮುಂದಿನ ಸಲ ಬೊಂಬಾಯಿಂದ ಬರುವಾಗ ನಿಮಗೆ ಎಂತ ತರಬೇಕು?"

"ನೀವು ಬನ್ನಿ. ಸಾಕು."

ಹೇಳಿದ ಮೇಲೆ ಅವಳ ಕಿವಿಯೆಲ್ಲ ಬಿಸಿಯಾಯಿತು. ಬಸ್ಸು ಬಂತು. ಅವನು ಹತ್ತಲಿಲ್ಲ! ಇನ್ನೊಂದು ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಇಬ್ಬರೂ ಅಲ್ಲೇ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಕಾದರು.

ರಾತ್ರಿ ಮಲಗಿದಾಗ ಅವಳಿಗೊಂದು ಹೆದರಿಕೆ. ನನಗೆ ಬೇಕಾದದ್ದು ಇವನೋ, ಇವನು ತರುವ ಮದ್ದೋ? ಅದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

* * *

1983ರ ಅಕ್ಟೋಬರಿನಲ್ಲಿ ಬಂದ ಮಹಾಬಲ ಬೇರೆಯೇ ಮನುಷ್ಯನಂತಿದ್ದ. ಕಣ್ಣು ಒಳಗೆ ಹೋಗಿತ್ತು. ಚೆನ್ನು ಒತ್ತಾಯ ಮಾಡಿದ್ದಕ್ಕೆ ಕಿಸೆಯಿಂದ ಒಂದು ಪುಟ್ಟ ಶೀಷೆ ತೆಗೆದು ತೋರಿಸಿದ. ತಳದಲ್ಲಿ ಒಂದು ಚಮಚದಷ್ಟು ಬಿಳಿ ಪುಡಿ.

"ಇದೇನಾ ರವೆ ಮದ್ದು? ಒಳಗೆ ಮದ್ದು ಉಂಟಾ?"

"ಉಂಟು."

ಚೆನ್ನು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ಆ ನೋಟವನ್ನು ಲೋಲಾಕ್ಷಿಗೆ ತಡೆದುಕೊಳ್ಳಲಾಗಲಿಲ್ಲ.

"ರೈಗಳೇ, ಇದನ್ನು ಇವಳಿಗೆ ಹಾಕುವ."

"ಇಲ್ಲ."

"ನಾನು ನರ್ಸ್. ಚರ್ಮದ ಅಡಿಗೆ ಹಾಕ್ಲಿಕ್ಕೆ ನನಗೆ ಗೊತ್ತುಂಟು. ಯಾರಿಗೂ ಹೇಳುದಿಲ್ಲ. ನಿಮ್ಮ ಕೆಲಸಕ್ಕೆ ತೊಂದರೆ ಬರುದಿಲ್ಲ."

"ಆಗುದಿಲ್ಲ ಲೋಲಾಕ್ಷಿ. ಸ್ವಲ್ಪ ಹೊರಗೆ ಬನ್ನಿ, ನಿಮ್ಮ ಹತ್ರ ಮಾತಾಡ್ಲಿಕ್ಕೆ ಉಂಟು."

"ಹೊರಗೆ ಯಾಕೆ? ಏನಿದ್ದರೂ ಇಲ್ಲೇ ಹೇಳಿ! ಇವಳ ಎದುರಿಗೇ ಹೇಳಿ, ಯಾಕೆ ಕೊಡುದಿಲ್ಲ ಅಂತ!"

ಅವನು ಚೆನ್ನುವಿನ ಮುಖ ನೋಡಿದ.

"ಹೆದರಿಕೆಯಾ? ಏನಾದರೂ ಆದರೆ ನಿಮ್ಮ ಹೆಸರು ಹಾಳಾಗ್ತದೆ ಅಂತಲಾ? ಒಂದೂವರೆ ವರ್ಷ ಈ ಹುಡುಗಿಗೆ ಆಸೆ ತೋರಿಸಿದ್ದು ಮತ್ತೆಂತಕ್ಕೆ?!"

ಮಹಾಬಲ ಶೀಷೆಯನ್ನು ಚೆನ್ನುವಿನ ಬೆರಳುಗಳಿಂದ ಮೆಲ್ಲನೆ ಬಿಡಿಸಿ ಕಿಸೆಗೆ ಹಾಕಿಕೊಂಡ. ಅವಳು ಒಂದು ಕ್ಷಣ ಬಿಡದೆ ಹಿಡಿದುಕೊಂಡಿದ್ದಳು.

"ಹೋಗಿ" ಎಂದಳು ಲೋಲಾಕ್ಷಿ. "ಇನ್ನು ಈ ಮನೆಗೆ ಬರಬೇಡಿ."

ಆಮೇಲೆ ಬಂದ ಎರಡು ಕಾಗದಗಳನ್ನು ಅವಳು ಒಡೆಯದೆಯೇ ವಾಪಸು ಕಳಿಸಿದಳು.

* * *

ನವೆಂಬರಿನಲ್ಲಿ ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಆರೋಗ್ಯ ಕೇಂದ್ರದ ಫ್ರಿಜ್ಜು ಬೆಚ್ಚಗಾಗಿತ್ತು. ಮೂರನೇ ದಿನ ಕರೆಂಟು ಬಂದಾಗ ಲೋಲಾಕ್ಷಿ, ಮದ್ದು ಬೇಗ ತಣ್ಣಗಾಗಲಿ ಎಂದು ಚೆನ್ನುವಿನ ಬಾಟ್ಲಿಯನ್ನು ಮೇಲಿನ ಮಂಜುಗಡ್ಡೆಯ ಗೂಡಿನೊಳಗೆ ಇಟ್ಟಳು. ಒಂದೇ ಗಂಟೆ ಇಟ್ಟು ತೆಗೆಯುವ ಯೋಚನೆ. ಅಷ್ಟರಲ್ಲಿ ಹೆರಿಗೆಗೆಂದು ಯಾರೋ ಕರೆದುಕೊಂಡು ಹೋದರು. ಅವಳು ಮರೆತಳು.

ಮರುದಿನ ನೋಡುವಾಗ ಬಾಟ್ಲಿ ಕಲ್ಲಾಗಿತ್ತು.

ಅದು ಕರಗಿದ ಮೇಲೆ ಕುಲುಕಿದಳು. ಎಂದಿನಂತೆ ಹಾಲಿನ ಹಾಗೆ ಬೆರೆಯಲಿಲ್ಲ. ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಕಾಳುಗಳು ತೇಲಿದವು. ಹೆಪ್ಪುಗಟ್ಟಿದ ಇನ್ಸುಲಿನ್ ಕೊಡಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಇದ್ದದ್ದು ಅದೊಂದೇ ಬಾಟ್ಲಿ. ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸುಗಳೂ ಸರಿಯಾಗಿ ಓಡುತ್ತಿರಲಿಲ್ಲ. ಪೂರ್ತಿ ಹಾಳಾಗಿರಲಿಕ್ಕಿಲ್ಲ... ನಾಲ್ಕು ದಿನ ಹೇಗಾದರೂ ನಡೆದೀತು...

ಅವಳು ಅದನ್ನೇ ಕೊಟ್ಟಳು.

ಎರಡನೇ ದಿನ ಚೆನ್ನುವಿಗೆ ಜ್ವರ. ನಳಿಗೆಯ ನೀಲಿ ಇಟ್ಟಿಗೆಯ ಕೆಂಪಾಯಿತು. ಮೂರನೇ ದಿನ ವಾಂತಿ. ಉಸಿರು ಆಳಕ್ಕೆ ಎಳೆಯತೊಡಗಿತು. ಬಾಯಿಂದ ಕಳಿತ ಹಣ್ಣಿನಂಥ ವಾಸನೆ ಬಂತು. ಲೋಲಾಕ್ಷಿ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಪುತ್ತೂರಿನ ಕಡೆಗೆ ಹೊರಟಳು.

"ಅಕ್ಕಾ... ನೀನು ಮಹಾಬಲಣ್ಣನಿಗೆ ಬೈದದ್ದು ಸರಿಯಲ್ಲ" ಎಂದಳು ಚೆನ್ನು ದಾರಿಯಲ್ಲಿ. "ಅವರಿಗೆ ಕೊಡ್ಬೇಕು ಅಂತ ಇತ್ತು. ಕೈ ನಡುಗ್ತಾ ಇತ್ತು, ನಾನು ನೋಡಿದ್ದೇನೆ."

ಅವಳ ಕೊನೆಯ ಮಾತು ಅದು. ಪುತ್ತೂರು ಮುಟ್ಟುವಾಗ ಮಧ್ಯಾಹ್ನ ಹನ್ನೆರಡೂವರೆ. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ ಮುಖದ ಮೇಲೆ ಬಟ್ಟೆ ಎಳೆದರು.

ಸುದ್ದಿ ತಿಳಿದು ಮಹಾಬಲ ನಾಲ್ಕನೇ ದಿನಕ್ಕೆ ಬಂದ. ಅಂಗಳದ ತುಂಬ ನೆಂಟರು. ಅವನನ್ನು ಕಂಡದ್ದೇ ತಡ, ಲೋಲಾಕ್ಷಿಯೊಳಗೆ ಏನೋ ಒಡೆಯಿತು.

"ನಿಮ್ಮ ಕಿಸೆಯಲ್ಲಿ ಮದ್ದು ಇತ್ತು! ಅವಳ ಕೈಯಿಂದ ಕಸಿದುಕೊಂಡು ಹೋದಿರಿ! ನೀವು ಕೊಂದದ್ದು ಅವಳನ್ನು... ನೀವು!"

ಎಲ್ಲರೂ ಅವನತ್ತ ನೋಡಿದರು.

"ಹೌದು" ಎಂದ ಮಹಾಬಲ. ಅಷ್ಟೇ. ತಲೆ ತಗ್ಗಿಸಿ ನಡೆದು ಹೋದ.

ಕೂಗುವಾಗಲೇ ಅವಳಿಗೆ ಗೊತ್ತಿತ್ತು... ತಾನು ಸುಳ್ಳು ಹೇಳುತ್ತಿದ್ದೇನೆ ಎಂದು. ಆದರೆ ಸತ್ಯ ಹೇಳಿದರೆ ಬದುಕುವುದು ಹೇಗೆ?

* * *

ನಾಲ್ಕು ವರ್ಷ ಕಳೆಯಿತು.

ಬಂದ ಸಂಬಂಧಗಳನ್ನೆಲ್ಲ ಲೋಲಾಕ್ಷಿ ಬೇಡವೆಂದಳು. ತಿಮ್ಮಕ್ಕ ಕೇಳುವುದನ್ನೇ ಬಿಟ್ಟರು. ತಾಯಿ ಮಗಳು ಎದುರು ಬದುರು ಕೂತು ಉಣ್ಣುತ್ತಿದ್ದರು. ಉಪ್ಪು ಬೇಕಾ, ಮಜ್ಜಿಗೆ ಬೇಕಾ ಎಂಬುದರ ಆಚೆಗೆ ಮಾತಿರಲಿಲ್ಲ.

1987ರಲ್ಲಿ ಆಯಿಶಮ್ಮ ಎಂಬಾಕೆ ತನ್ನ ಒಂಬತ್ತು ವರ್ಷದ ಮಗಳು ನೆಬೀಸಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಳು. ಹುಡುಗಿ ಎಲುಬಿನ ಹಂದರವಾಗಿದ್ದಳು. ನಳಿಗೆಯ ನೀಲಿ ಕೆಂಪಾದದ್ದೇ ಲೋಲಾಕ್ಷಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿದಳು.

ಮಂಗಳೂರಿನಲ್ಲಿ ಹದಿನೈದು ದಿನವಿದ್ದು ಬಂದ ಮೇಲೆ ಆಯಿಶಮ್ಮ ಅವಳ ಕೈ ಹಿಡಿದುಕೊಂಡಳು.

"ನರ್ಸಮ್ಮಾ, ತಿಂಗಳಿಗೆ ಒಂದೇ ಸೂಜಿಯ ಮದ್ದು ಮಾಡುವವರು ನಿಮಗೆ ಗುರ್ತ ಉಂಟಂತೆ ಅಲ್ಲಾ? ಊರಲ್ಲಿ ಹೇಳ್ತಾರೆ. ಈಗ ಅದು ಆಗಿರ್ಬಹುದು... ಒಂದು ಮಾತು ಕೇಳಿ, ನಿಮ್ಮ ಕಾಲಿಗೆ ಬೀಳ್ತೇನೆ!"

ಬೇರೆ ಯಾರು ಹೇಳಿದ್ದರೂ ಅವಳು ಹೋಗುತ್ತಿರಲಿಲ್ಲ.

ಸುಳ್ಯದಲ್ಲಿ ಪಂಕಜಾಕ್ಷಿ ಅವಳನ್ನು ಹೊಸಿಲಲ್ಲೇ ನಿಲ್ಲಿಸಿ ಮಾತಾಡಿದಳು. "ಬೊಂಬಾಯಿ ಬಿಟ್ಟು ಮೂರು ವರ್ಷ ಆಯ್ತು ಅವನು. ಕಡಬದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡ್ತಾನೆ. ಮದುವೆಯೂ ಇಲ್ಲ, ಎಂತದೂ ಇಲ್ಲ. ಇನ್ನು ಅವನಿಂದ ನಿಮಗೆ ಎಂತ ಆಗ್ಬೇಕು?"

ಲೋಲಾಕ್ಷಿ ಕಡಬದ ಬಸ್ಸು ಹತ್ತಿದಳು.

* * *

ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳು ಹೋಗಿಯಾಗಿತ್ತು. ಅವನು ಒಬ್ಬನೇ ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು.

ಅವಳನ್ನು ಕಂಡು ನಲ್ಲಿ ನಿಲ್ಲಿಸುವುದನ್ನೂ ಮರೆತ.

"ನನಗೋಸ್ಕರ ಬಂದದ್ದಲ್ಲ" ಎಂದಳು ಅವಳು ಒಂದೇ ಉಸಿರಿಗೆ. "ಒಂದು ಹುಡುಗಿ ಉಂಟು. ಒಂಬತ್ತು ವರ್ಷ. ಆ ಮದ್ದು... ಆಯ್ತಾ?"

"ಇಲ್ಲ."

"ಎಲ್ಲಿಯೂ?"

"ಬೇರೆ ಒಂದು ಕಾಯಿಲೆಯ ಮದ್ದಿಗೆ, ಬೇರೆ ದೇಶದಲ್ಲಿ, ತಿಂಗಳು ನಿಲ್ಲುವ ಕಾಳು ಬಂದಿದೆ ಅಂತ ಓದಿದ್ದೇನೆ. ಇನ್ಸುಲಿನ್‌ಗೆ ಆಗ್ಲಿಲ್ಲ. ಯಾವಾಗ ಆಗ್ತದೋ ಗೊತ್ತಿಲ್ಲ."

ಅವಳು ಬೆಂಚಿನ ಮೇಲೆ ಕೂತಳು. ಅಲ್ಲಿಂದಲೇ ಕೇಳಿದಳು. "ಹಾಗಾದ್ರೆ... ಆ ದಿನ ಶೀಷೆಯಲ್ಲಿ ಇದ್ದದ್ದು?"

ಮಹಾಬಲ ಕೈ ಒರೆಸಿಕೊಂಡು ಅವಳ ಎದುರಿಗೆ ಬಂದು ಕೂತ.

"ಅದರಿಂದ ಹನ್ನೊಂದು ಮೊಲ ಸತ್ತಿತ್ತು ಲೋಲಾಕ್ಷಿ. ನಿಮ್ಮಲ್ಲಿಗೆ ಬರುವ ಹಿಂದಿನ ವಾರ. ತಿಂಗಳಿಡೀ ಬರಬೇಕಾದ ಮದ್ದು ಮೊದಲನೇ ದಿನವೇ ಒಟ್ಟಿಗೆ ಹೊರಗೆ ಬಿದ್ದು ರಕ್ತದ ಸಕ್ಕರೆ ಪೂರ್ತಿ ಇಳಿದುಹೋಯ್ತು. ಬೆಳಿಗ್ಗೆ ಗೂಡು ತೆಗೆಯುವಾಗ ಒಂದೂ ಎದ್ದು ನಿಲ್ಲಲಿಲ್ಲ."

ಲೋಲಾಕ್ಷಿ ತನ್ನ ಕೈಗಳನ್ನೇ ನೋಡಿಕೊಂಡಳು. ತಾನೇ ಹಾಕುತ್ತೇನೆ ಎಂದಿದ್ದಳಲ್ಲ... ತನ್ನ ಕೈಯಾರೆ!

"ಮತ್ತೆ ಯಾಕೆ ಹೇಳ್ಲಿಲ್ಲ ನನಗೆ? ಒಂದು ಮಾತು!"

"ಚೆನ್ನು ಎದುರಿಗೆ ಇದ್ದಳು. ತೋರಿಸ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದ ಶೀಷೆ ಅವಳ ಕೈಯಲ್ಲಿ ಇತ್ತು. ಆ ಮುಖ ನೋಡಿ ಹೇಗೆ ಹೇಳುದು? ಕಾಗದದಲ್ಲಿ ಬರೆದೆ. ವಾಪಸು ಬಂತು."

"ನಾನು ಎಲ್ಲರ ಎದುರು ಕೊಲೆಗಾರ ಅಂತ ಕೂಗಿದಾಗ?"

"ಆಸೆ ಹುಟ್ಟಿಸಿದ್ದು ನಾನೇ ಅಲ್ವಾ? ಅಷ್ಟು ತಪ್ಪು ಉಂಟು ನನ್ನದು. ಮತ್ತೆ... ಯಾರನ್ನಾದರೂ ಬೈದರೆ ನಿಮಗೆ ಸ್ವಲ್ಪ ಹಗುರ ಆದೀತು ಅಂತ ಅನ್ನಿಸಿತು. ವಾಪಸು ಬೊಂಬಾಯಿಗೆ ಹೋಗಿ ಆರು ತಿಂಗಳು ಕೆಲಸ ಮಾಡಿದೆ. ಮೊಲ ಹಿಡಿಯುವಾಗೆಲ್ಲ ಅವಳ ಬೆರಳು ನೆನಪಾಗುದು. ಆಗ್ಲಿಲ್ಲ ನನ್ನಿಂದ."

ಲೋಲಾಕ್ಷಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾಲ್ಕು ವರ್ಷ ಮುಚ್ಚಿಟ್ಟಿದ್ದ ಮಾತು ತಾನಾಗಿ ಹೊರಗೆ ಬಂತು.

"ನೀವು ಕೊಲ್ಲಲಿಲ್ಲ ರೈಗಳೇ. ನಾನು ಕೊಂದದ್ದು."

ಅವಳು ಎಲ್ಲವನ್ನೂ ಹೇಳಿದಳು. ಕರೆಂಟು, ಮಂಜುಗಡ್ಡೆಯ ಗೂಡು, ಒಡೆದ ಹಾಲಿನಂಥ ಮದ್ದು. ಗೊತ್ತಿದ್ದೂ ಮೂರು ದಿನ ಚುಚ್ಚಿದ್ದು. ಒಂದನ್ನೂ ಬಿಡಲಿಲ್ಲ.

"ಆ ಬಾಟ್ಲಿ ಸರಿ ಇದ್ದಿದ್ದರೆ ಅವಳು ಬದುಕ್ತಿದ್ದಳು. ಅಲ್ವಾ? ನೀವು ಕಲಿತವರು, ನೀವು ಹೇಳಿ!"

ಮಹಾಬಲ ಎದ್ದು, ಸುರಿಯುತ್ತಲೇ ಇದ್ದ ನಲ್ಲಿಯನ್ನು ನಿಲ್ಲಿಸಿ ಬಂದು ಕೂತ.

"ಹೌದು" ಎಂದ ಕೊನೆಗೆ. "ಬದುಕ್ತಿದ್ದಳು ಅಂತ ಕಾಣ್ತದೆ."

ಹಣೆಬರಹ ಎನ್ನಲಿಲ್ಲ. ದೇವರ ಇಚ್ಛೆ ಎನ್ನಲಿಲ್ಲ. ಲೋಲಾಕ್ಷಿ ಆಗ ಅತ್ತಳು. ಚೆನ್ನು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವನು ಅವಳನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಹೊರಗೆ ಬಿಸಿಲು ಇಳಿದ ಮೇಲೆ ಅವನು ಕೇಳಿದ. "ಆ ಹುಡುಗಿಯ ತಾಯಿಗೆ ಯಾರು ಹೇಳುದು?"

"ನಾನೇ ಹೇಳ್ಬೇಕು."

"ನಾನೂ ಬರ್ತೇನೆ. ಈ ಸಲ ಎದುರಿಗೇ ಹೇಳುವ."

* * *

ಮುಂದಿನ ಭಾನುವಾರ ಇಬ್ಬರೂ ಆಯಿಶಮ್ಮನ ಮನೆಗೆ ಹೋದರು. ಮಹಾಬಲ ನೆಲದ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಯಿಶಮ್ಮನ ಮುಖದಲ್ಲಿ ಆಸೆ ಆರುವುದನ್ನು ಲೋಲಾಕ್ಷಿ ಕಣ್ಣು ತಪ್ಪಿಸದೆ ನೋಡಿದಳು.

"ಹಾಗಾದ್ರೆ ಇವಳಿಗೆ ಸಾಯುವವರೆಗೂ ಸೂಜಿಯಾ?"

"ಬದುಕುವವರೆಗೂ" ಎಂದಳು ಲೋಲಾಕ್ಷಿ. "ಬದುಕಿಸುವ ಆಯಿಶಮ್ಮ. ಬಾಟ್ಲಿಯೊಳಗೆ ಕಾಳು ಕಂಡರೆ ಚೆಲ್ಲಿಬಿಡಿ. ಎಷ್ಟೊತ್ತಿಗಾದರೂ ಸರಿ, ನನ್ನಲ್ಲಿಗೆ ಓಡಿ ಬನ್ನಿ."

ನೆಬೀಸ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ಕೇಳುತ್ತಿದ್ದಳು. ಅಳಲಿಲ್ಲ. ಅದನ್ನು ನೋಡುವುದೇ ಹೆಚ್ಚು ಕಷ್ಟವಾಗಿತ್ತು.

ರಸ್ತೆಗೆ ಬಂದಾಗ ಸಂಜೆ ಐದು ಗಂಟೆ. ಇಬ್ಬರೂ ಸ್ವಲ್ಪ ದೂರ ನಡೆದರು.

"ಲೋಲಾಕ್ಷಿ... ನಿಮ್ಮ ಮೇಲೆ ನನಗೆ ಆಗ ಏನಿತ್ತೋ, ಇವತ್ತೂ ಅದೇ ಉಂಟು."

ಅವಳು ನಿಂತಳು. "ಎಲ್ಲ ಕೇಳಿದ ಮೇಲೂ?"

"ಕೇಳಿದ ಮೇಲೂ."

"ನಾನು ಇನ್ನು ನಗುವವಳಲ್ಲ. ನನ್ನ ಜೊತೆ ಇದ್ದರೆ ನಿಮಗೆ ಸೂತಕದ ಮನೆಯಲ್ಲಿ ಇದ್ದ ಹಾಗೆ."

"ನನ್ನ ಮನೆಯೂ ನಾಲ್ಕು ವರ್ಷದಿಂದ ಹಾಗೇ ಉಂಟು. ಎರಡು ಸೂತಕದ ಮನೆ ಯಾಕೆ? ಒಂದೇ ಸಾಕಲ್ಲ."

ಅವಳ ಕಣ್ಣು ತುಂಬಿತು. ಈ ಮನುಷ್ಯ ಏನನ್ನೂ ತರದೆ ಬರಿಗೈಯಲ್ಲಿ ಬಂದಿದ್ದಾನೆ... ಆದರೂ ಇವನು ಹೋಗುವುದು ಬೇಡ!

"ಅಮ್ಮನ ಹತ್ರ ಕೇಳ್ಬೇಕು" ಎಂದಳು ಮೆಲ್ಲನೆ.

"ಈಗಲೇ ಬಂದು ನಾನು ಕೇಳ್ತೇನೆ."

"ಬೇಡ. ಅದಕ್ಕಿಂತ ಮೊದಲು ನಾನು ಅಮ್ಮನಿಗೆ ಆ ಬಾಟ್ಲಿಯ ವಿಷಯ ಹೇಳ್ಬೇಕು. ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳಿದ ಮೇಲೆ ಅಮ್ಮ ನನ್ನನ್ನು ಮನೆಯೊಳಗೆ ಸೇರಿಸ್ತಾಳೋ ಇಲ್ವೋ... ನನಗೆ ಹೆದರಿಕೆ ಆಗ್ತದೆ ಮಹಾಬಲ."

ಮೊದಲ ಸಲ ಅವಳು ಅವನನ್ನು ಹೆಸರು ಹಿಡಿದು ಕರೆದಿದ್ದಳು. ಅವನು ಅವಳ ಕೈ ಹಿಡಿದ.

"ನಾನು ಎಂತ ಮಾಡ್ಬೇಕು, ಹೇಳು."

"ಎಂತದೂ ಹೇಳ್ಬೇಡಿ. ನಾನು ಹೇಳಿ ಮುಗಿಸುವವರೆಗೆ ಪಕ್ಕದಲ್ಲಿ ಕೂತಿರಿ."

"ಕೂತಿರ್ತೇನೆ."

ಇಬ್ಬರೂ ತಿಮ್ಮಕ್ಕನ ಮನೆಯ ದಾರಿ ಹಿಡಿದರು.